ಉಫ್ಫಿತ್ಸಿ ನೋಡಲು ಹೋಗುವವರಿಗೆ ಶಿರಸಿಯ ಡ್ರಾಯಿಂಗ್ ಅಕ್ಕೋರು ಹೇಳುವುದು

ಇಟಲಿಯ ಫ್ಲಾರೆನ್ಸಿನಲ್ಲಿರುವ ಉಫ್ಫಿತ್ಸಿ ಎಂಬ ಚಿತ್ರಗಳ ಗ್ಯಾಲರಿಯನ್ನು ನಾನು ನೋಡಿ ಬಂದ ಮೇಲೆ ನನ್ನ ಹಳೆಯ ವಿದ್ಯಾರ್ಥಿಗಳು ಫೋನ್ ಮಾಡಿ ಕೇಳುವುದು ಒಂದೇ: "ಅಕ್ಕೋರೆ, ಟಿಕೆಟ್ ಹೇಗೆ ಮಾಡಿಸಿದ್ರಿ? ಎಷ್ಟು ಹೊತ್ತು ಬೇಕು?" ಪ್ರತಿ ಸಲ ಅರ್ಧರ್ಧ ಹೇಳಿ ಫೋನ್ ಇಡುವ ಬದಲು ಎಲ್ಲವನ್ನೂ ಒಮ್ಮೆ ಬರೆದಿಡುತ್ತೇನೆ.

ನಾನು ಶಿರಸಿಯ ಹೈಸ್ಕೂಲೊಂದರಲ್ಲಿ 31 ವರ್ಷ ಡ್ರಾಯಿಂಗ್ ಕಲಿಸಿದವಳು. ಅಪ್ಪ ಗಂಧದ ಕೆತ್ತನೆಯವರು, ಗುಡಿಗಾರರು. ಮದುವೆ ಹಂಗಾಮಿನಲ್ಲಿ ಮನೆ ತುಂಬ ಬೆಂಡಿನ ಬಾಸಿಂಗ, ಬೇಗಡೆಯ ಚೂರು. ಡ್ರಾಯಿಂಗಿನ ಹೈಯರ್ ಗ್ರೇಡ್ ಪರೀಕ್ಷೆಗೆ ಓದುವಾಗ ಇಟಲಿಯ ಹಳೆಯ ಚಿತ್ರಕಾರ ಬೊತ್ತಿಚೆಲ್ಲಿಯ ವೀನಸ್ ದೇವಿಯ ಚಿತ್ರವನ್ನು ಅಂಗೈ ಅಗಲದ ಕಪ್ಪು ಬಿಳುಪು ಮುದ್ರಣದಲ್ಲಿ ನೋಡಿದ್ದೆ. ಮಕ್ಕಳಿಗೆ ಕಲಿಸಿದ್ದೂ ಅದನ್ನೇ ತೋರಿಸಿ. ಮಗಳು ಮಿಲಾನಿನಲ್ಲಿ ಓದಲು ಸೇರಿದ್ದರಿಂದ, 2024ರಲ್ಲಿ ಮಾರಿಕಾಂಬಾ ಜಾತ್ರೆ ಮುಗಿಸಿಕೊಂಡು ಏಪ್ರಿಲ್ಲಿನಲ್ಲಿ ನಾನೂ ನಮ್ಮನೆಯವರೂ ಹೊರಟೆವು.

ಮೊದಲು ದಿನ ಗೊತ್ತು ಮಾಡಿಕೊಳ್ಳಿ. ಸೋಮವಾರ ಗ್ಯಾಲರಿಗೆ ರಜೆ. ಜನವರಿ 1, ಡಿಸೆಂಬರ್ 25 ಕೂಡ ರಜೆ. ಉಳಿದ ದಿನ ಬೆಳಿಗ್ಗೆ 8:15ರಿಂದ ಸಂಜೆ 6:30ರವರೆಗೆ ತೆರೆದಿರುತ್ತದೆ. ತಿಂಗಳ ಮೊದಲ ಭಾನುವಾರ ಪುಕ್ಕಟೆ ಪ್ರವೇಶವಿದೆ, ಆದರೆ ದೂರದಿಂದ ಹೋಗುವ ನಮ್ಮಂಥವರಿಗೆ ಅದು ಬೇಡ. ಅವತ್ತು ಸಮಯ ಕಾದಿರಿಸಲು ಬರುವುದಿಲ್ಲ. ನಮ್ಮ ಜಾತ್ರೆಯಲ್ಲಿ ಬಿಡ್ಕಿಬೈಲಿನ ಗದ್ದುಗೆಯ ಮುಂದೆ ದೇವಿ ದರ್ಶನಕ್ಕೆ ನಿಂತ ಹಾಗೆ ನಿಲ್ಲಬೇಕಾಗುತ್ತದೆ. ನಾವು ಬುಧವಾರ ಬೆಳಿಗ್ಗೆ 8:15ರ ಹೊತ್ತನ್ನೇ ಹಿಡಿದೆವು. ಸಾಧ್ಯವಾದರೆ ನೀವೂ ಅದನ್ನೇ ಹಿಡಿಯಿರಿ. ಹತ್ತು ಗಂಟೆಯ ನಂತರ ಗುಂಪುಗುಂಪಾಗಿ ಜನ ಬರುತ್ತಾರೆ, ಒಬ್ಬೊಬ್ಬ ಗೈಡಿನ ಹಿಂದೆ ಇಪ್ಪತ್ತು ಮೂವತ್ತು ತಲೆ.

ಟಿಕೆಟನ್ನು ಗ್ಯಾಲರಿಯ ಸ್ವಂತ ಜಾಲತಾಣದಿಂದಲೇ ತೆಗೆದುಕೊಳ್ಳಿ: ಉಫ್ಫಿತ್ಸಿ ಡಾಟ್ ಐಟಿ. ಹುಡುಕಿದರೆ ಮೇಲೆ ಮೇಲೆ ಬರುವ ಹಲವು ತಾಣಗಳು ಅದೇ ಟಿಕೆಟನ್ನು ಹೆಚ್ಚು ಬೆಲೆಗೆ ಮಾರುವ ಮಧ್ಯವರ್ತಿಗಳದ್ದು. ನಾವು ಹೋದಾಗ ಟಿಕೆಟ್ 25 ಯೂರೋ, ಸಮಯ ಕಾದಿರಿಸಲು 4 ಯೂರೋ, ಒಬ್ಬರಿಗೆ 29. ಮೂವರಿಗೆ 87 ಯೂರೋ, ನಮ್ಮ ಲೆಕ್ಕದಲ್ಲಿ ಎಂಟು ಸಾವಿರದ ಹತ್ತಿರ. ದರ ಹೆಚ್ಚು ಕಡಿಮೆ ಆಗುತ್ತಿರುತ್ತದೆ, ಬುಕ್ ಮಾಡುವ ದಿನ ನೋಡಿಕೊಳ್ಳಿ. 18 ತುಂಬದ ಮಕ್ಕಳಿಗೆ ಯಾವ ದೇಶದವರಾದರೂ ಪ್ರವೇಶ ಉಚಿತ. 18ರಿಂದ 25ರವರಿಗೆ ಇರುವ ರಿಯಾಯಿತಿ ಯುರೋಪ್ ಒಕ್ಕೂಟದ ಪ್ರಜೆಗಳಿಗೆ ಮಾತ್ರ, ಹಾಗಾಗಿ ನನ್ನ ಮಗಳಿಗೆ ಪೂರ್ತಿ ದರವೇ ಬಿತ್ತು.

ಹಣ ಕಟ್ಟುವುದರಲ್ಲಿ ನಮ್ಮವರು ಎಡವುವ ಜಾಗ ಎರಡು. ನಮ್ಮ ಡೆಬಿಟ್ ಕಾರ್ಡಿನಲ್ಲಿ ವಿದೇಶಿ ವ್ಯವಹಾರ ಸಾಮಾನ್ಯವಾಗಿ ಬಂದ್ ಇರುತ್ತದೆ, ಬ್ಯಾಂಕಿನ ಆ್ಯಪಿಗೆ ಹೋಗಿ ಮೊದಲೇ ತೆರೆದುಕೊಳ್ಳಬೇಕು. ಎರಡನೆಯದು ಓಟಿಪಿ. ನಮ್ಮ ಮನೆ ಪೇಟೆಯಿಂದ ಎಂಟು ಕಿಲೋಮೀಟರ್ ಒಳಗೆ. ಕರೆಂಟು ಹೋದರೆ ನೆಟ್‌ವರ್ಕೂ ಹೋಯಿತು. ಮೊದಲ ಸಲ ಓಟಿಪಿ ಬರುವಷ್ಟರಲ್ಲಿ ಹೊತ್ತು ಮೀರಿ, ನಾವು ಆರಿಸಿದ್ದ ಸಮಯ ಕೈತಪ್ಪಿತು. ಮರುದಿನ ಪೇಟೆಗೆ ಬಂದು ತಂಗಿಯ ಮನೆಯಲ್ಲಿ ಕುಳಿತು ಮಾಡಿದೆವು. ವಿದೇಶ ತಲುಪಿದ ಮೇಲೆ ಬುಕ್ ಮಾಡುವುದಾದರೆ ಇಲ್ಲಿಯ ಸಿಮ್ಮಿಗೆ ರೋಮಿಂಗ್ ಇರಲೇಬೇಕು, ಇಲ್ಲವಾದರೆ ಆ ಓಟಿಪಿ ಮನೆಯ ಕಪಾಟಿನಲ್ಲಿಟ್ಟ ಫೋನಿಗೆ ಬಂದಿರುತ್ತದೆ.

ಹೆಸರನ್ನು ಪಾಸ್‌ಪೋರ್ಟಿನಲ್ಲಿ ಇದ್ದಂತೆಯೇ ತುಂಬಿ. ನಾವು ಎಲ್ಲ ಕಡೆ ಇನಿಷಿಯಲ್ ಬರೆದು ರೂಢಿ, ಪಾಸ್‌ಪೋರ್ಟಿನಲ್ಲಿ ಅದು ಬಿಡಿಸಿಕೊಂಡು ಅಪ್ಪನ ಹೆಸರೋ ಊರಿನ ಹೆಸರೋ ಆಗಿರುತ್ತದೆ. ಹೋಗುವಾಗ ಪಾಸ್‌ಪೋರ್ಟ್ ಜೊತೆಯಲ್ಲಿರಲಿ.

ಮಿಲಾನಿನಿಂದ ವೇಗದ ರೈಲಿನಲ್ಲಿ ಎರಡು ತಾಸಿನ ಹಾದಿ. ಆದರೂ ಹಿಂದಿನ ಸಂಜೆಯೇ ಹೋಗಿ ಉಳಿಯುವುದು ಒಳ್ಳೆಯದು. ಸಾಂತಾ ಮಾರಿಯಾ ನೊವೆಲ್ಲಾ ನಿಲ್ದಾಣದಿಂದ ನಿಧಾನ ನಡೆದರೆ ಇಪ್ಪತ್ತು ನಿಮಿಷ. ಕಟ್ಟಡ ಇಂಗ್ಲಿಷಿನ ಯು ಅಕ್ಷರದ ಹಾಗೆ, ನಡುವೆ ಉದ್ದನೆಯ ಅಂಗಳ, ತುದಿಯಲ್ಲಿ ಆರ್ನೋ ಹೊಳೆ. ಅಲ್ಲಿ ಬಾಗಿಲುಗಳಿಗೆ ನಂಬರ್ ಇದೆ. ಸಮಯ ಕಾದಿರಿಸಿದವರು ಒಳಗೆ ಹೋಗುವುದು 1ನೇ ಬಾಗಿಲಿನಿಂದ. 2ನೆಯದು ಟಿಕೆಟ್ ಇಲ್ಲದೆ ಬಂದವರ ಸಾಲು. ನಿಮ್ಮ ಕೈಯಲ್ಲಿರುವುದು ಬುಕಿಂಗ್ ರಸೀದಿ ಮಾತ್ರವಾಗಿದ್ದರೆ ಮೊದಲು ಅಂಗಳದ ಆಚೆ ಬದಿಯ 3ನೇ ಬಾಗಿಲಿಗೆ ಹೋಗಿ ಟಿಕೆಟ್ ಪಡೆಯಬೇಕು, ಆಮೇಲೆ 1ಕ್ಕೆ. ಎಷ್ಟೋ ಜನ ನೇರ 1ರಲ್ಲಿ ನಿಂತು ಮತ್ತೆ ಓಡುತ್ತಾರೆ. ಅರ್ಧ ತಾಸು ಮುಂಚೆ ಅಂಗಳದಲ್ಲಿದ್ದರೆ ಗಡಿಬಿಡಿ ಇಲ್ಲ.

ಒಳಗೆ ವಿಮಾನ ನಿಲ್ದಾಣದ ಹಾಗೆ ತಪಾಸಣೆ. ಎಲೆ ಅಡಿಕೆ ಹಾಕುವವರು ಅಡಕತ್ತರಿಯನ್ನು ರೂಮಿನಲ್ಲೇ ಬಿಟ್ಟು ಬರಬೇಕು. ನಮ್ಮನೆಯವರ ಚೀಲದಿಂದ ನಾನೇ ಬೆಳಿಗ್ಗೆ ತೆಗೆಸಿ ಇಟ್ಟೆ. ದೊಡ್ಡ ಬ್ಯಾಗು, ಬೆನ್ನಿನ ಚೀಲ, ಕೊಡೆ ಕೆಳಗೆ ಸಾಮಾನು ಕೋಣೆಯಲ್ಲಿ ಇಡಬೇಕು. ಫೋಟೋ ತೆಗೆಯಬಹುದು, ಫ್ಲ್ಯಾಶ್ ಮತ್ತು ಸೆಲ್ಫಿ ಕೋಲು ಕೂಡದು. ಒಮ್ಮೆ ಹೊರಗೆ ಬಂದರೆ ಅದೇ ಟಿಕೆಟಿನಲ್ಲಿ ಮತ್ತೆ ಒಳಗಿಲ್ಲ, ಆದ್ದರಿಂದ ಹೊಟ್ಟೆ ತುಂಬ ತಿಂಡಿ ತಿಂದೇ ಹೋಗಿ. ಹಳೆಯ ಚಿತ್ರಗಳೆಲ್ಲ ಮೇಲಿನ ಮಹಡಿಯಲ್ಲಿವೆ, ಮೆಟ್ಟಿಲು ಬಹಳ. ನನಗೆ ಮೊಣಕಾಲು ನೋವು. ಅಲ್ಲಿಯ ಸಿಬ್ಬಂದಿಗೆ ಮೊಣಕಾಲು ಮುಟ್ಟಿ ತೋರಿಸಿದೆ, ಲಿಫ್ಟಿಗೆ ಕರೆದುಕೊಂಡು ಹೋದರು. ಕೇಳಲು ಸಂಕೋಚ ಬೇಡ. ಕಾಲಿನ ಶಕ್ತಿಯನ್ನು ಚಿತ್ರಗಳ ಮುಂದೆ ನಿಲ್ಲಲು ಉಳಿಸಿಕೊಳ್ಳಬೇಕು.

ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಇದನ್ನೇ. ಕಾದಿರಿಸಿದ ಟಿಕೆಟ್ ನಿಮಗೆ ಸಾಲಿನಲ್ಲಿ ಹೋಗುತ್ತಿದ್ದ ಒಂದೆರಡು ತಾಸನ್ನು ಉಳಿಸಿಕೊಡುತ್ತದೆ. ಆ ಉಳಿದ ಹೊತ್ತನ್ನು ಇನ್ನೂ ಹತ್ತು ಕೋಣೆ ಸುತ್ತುವುದಕ್ಕೆ ಹಾಕಬೇಡಿ. ಏಳೆಂಟು ಚಿತ್ರ ಮೊದಲೇ ಆರಿಸಿಕೊಳ್ಳಿ, ಒಂದೊಂದರ ಮುಂದೆ ಕಾಲು ಗಂಟೆ ನಿಲ್ಲಿ. ನಾನು ಮನೆಯಲ್ಲೇ ಹಾಳೆಯ ಮೇಲೆ ಬರೆದುಕೊಂಡು ಹೋಗಿದ್ದೆ.

ಬೆಳಿಗ್ಗೆ ಮೊದಲ ಹೊತ್ತಿನಲ್ಲಿ ಒಳಗೆ ಹೋದವರು ನೇರ ಬೊತ್ತಿಚೆಲ್ಲಿಯ ಕೋಣೆಗೆ ನಡೆಯಿರಿ, ಹಿಂದಿನ ಕೋಣೆಗಳಿಗೆ ಆಮೇಲೆ ತಿರುಗಿ ಬರಬಹುದು. ನಾವು ಹೋದಾಗ ಅಲ್ಲಿ ಹತ್ತು ಜನ ಇರಲಿಲ್ಲ. ವೀನಸ್ ಹುಟ್ಟುವ ಚಿತ್ರ ಸುಮಾರು 1485ರದ್ದು, ಬಟ್ಟೆಯ ಮೇಲೆ ಬರೆದದ್ದು. ಅಗಲ ಎರಡೂ ಮುಕ್ಕಾಲು ಮೀಟರಿಗಿಂತ ಹೆಚ್ಚು. ಅಂಗೈ ಅಗಲದಲ್ಲಿ ಕಂಡವಳು ಎದುರಿಗೆ ನನ್ನಷ್ಟೇ ಎತ್ತರಕ್ಕೆ ನಿಂತಿದ್ದಳು. ಹತ್ತಿರ ಹೋಗಿ ಮೈಯ ಅಂಚು ನೋಡಿ: ಸುತ್ತಲೂ ಸಣ್ಣ ಕಪ್ಪು ರೇಖೆ ಎಳೆದಿದ್ದಾನೆ. ನೆರಳಿಗಿಂತ ರೇಖೆಯನ್ನು ನಂಬಿದ ಕೈ ಅದು. ಪಕ್ಕದ 'ಪ್ರಿಮವೇರಾ', ಅಂದರೆ ವಸಂತ, ಮರದ ಹಲಗೆಯ ಮೇಲಿದೆ. ಅದನ್ನು ಬಲದಿಂದ ಎಡಕ್ಕೆ ಓದಬೇಕು. ಬಲತುದಿಯಲ್ಲಿ ಗಾಳಿದೇವ ಹುಡುಗಿಯನ್ನು ಹಿಡಿಯುತ್ತಾನೆ, ಅವಳ ಬಾಯಿಂದ ಹೂ ಉದುರುತ್ತದೆ, ಅವಳೇ ಮುಂದೆ ಹೂವಿನ ಸೀರೆಯ ಫ್ಲೋರಾ ಆಗುತ್ತಾಳೆ. ನಡುವೆ ವೀನಸ್, ಆಮೇಲೆ ಕೈ ಹಿಡಿದು ಕುಣಿಯುವ ಮೂವರು, ಎಡತುದಿಯಲ್ಲಿ ಕೋಲೆತ್ತಿ ಮೋಡ ಚದುರಿಸುವ ಮರ್ಕ್ಯುರಿ. ಮುಂದೆ ಗಾಜು ಇರುವುದರಿಂದ ನೇರ ನಿಂತರೆ ನಿಮ್ಮ ಮುಖವೇ ಕಾಣಬಹುದು, ಒಂದು ಹೆಜ್ಜೆ ಪಕ್ಕಕ್ಕೆ ಸರಿಯಿರಿ.

ಆಮೇಲೆ ಹಿಂದೆ ಬಂದು ಏಸುವಿನ ತಾಯಿ ಮೇರಿಯ ಮೂರು ಚಿತ್ರಗಳ ಕೋಣೆ. ಚಿಮಾಬೂಯೆ, ದುಚ್ಚೋ, ಜೊತ್ತೊ ಎಂಬ ಮೂವರು ಚಿತ್ರಕಾರರೂ ತಾಯಿ ಮಗುವನ್ನು ಸಿಂಹಾಸನದ ಮೇಲೆ ಕೂರಿಸಿ ಬರೆದ ಆಳೆತ್ತರಕ್ಕೂ ಮಿಕ್ಕಿದ ಹಲಗೆಗಳು ಒಂದೇ ಕೋಣೆಯಲ್ಲಿವೆ. ದುಚ್ಚೋನದು 1285ರದ್ದು, ಜೊತ್ತೊನದು ಸುಮಾರು 1310ರದ್ದು. ಡ್ರಾಯಿಂಗ್ ಕಲಿಸುವವರಿಗೆ ಇದಕ್ಕಿಂತ ಒಳ್ಳೆಯ ತರಗತಿ ಇಲ್ಲ. ಚಿಮಾಬೂಯೆಯ ದೇವದೂತರು ಒಬ್ಬರ ಮೇಲೊಬ್ಬರು ಪೇರಿಸಿಟ್ಟಂತೆ ಇದ್ದಾರೆ. ಜೊತ್ತೊನ ದೇವದೂತರು ಒಬ್ಬರ ಹಿಂದೊಬ್ಬರು ನಿಂತಿದ್ದಾರೆ, ಹಿಂದಿನವನ ಮುಖ ಮುಂದಿನವನ ಪ್ರಭಾವಳಿಯ ಮರೆಗೆ ಹೋಗಿದೆ. ಬಟ್ಟೆಯ ಒಳಗೆ ಮೇರಿಯ ಮೊಣಕಾಲು ಇದೆ ಎಂದು ಗೊತ್ತಾಗುತ್ತದೆ. ಸುಮಾರು ಇಪ್ಪತ್ತೈದು ವರ್ಷದ ಅಂತರದಲ್ಲಿ ಚಪ್ಪಟೆ ಹಲಗೆಗೆ ಆಳ ಬಂತು. ಆ ಕಾಲದ ಚಿತ್ರಗಳಲ್ಲಿ ಮುಖ ಹಸಿರಾಗಿ ಕಂಡರೆ ಗಾಬರಿ ಆಗಬೇಡಿ. ಚರ್ಮಕ್ಕೆ ಮೊದಲು ಹಸಿರು ಮಣ್ಣಿನ ಬಣ್ಣ ಬಳಿದು, ಮೇಲೆ ಮೊಟ್ಟೆಯ ಹಳದಿಯಲ್ಲಿ ಕಲಸಿದ ಕೆಂಪು ಬಿಳಿ ಕೊಡುತ್ತಿದ್ದರು. ಮೇಲಿನದು ಸವೆದರೆ ಅಡಿಯ ಹಸಿರು ಎದ್ದು ಬರುತ್ತದೆ. ಬಂಗಾರದ ಹಿನ್ನೆಲೆಯನ್ನು ಬದಿಯಿಂದ ಬಗ್ಗಿ ನೋಡಿ. ಅಪ್ಪ ಬಾಸಿಂಗಕ್ಕೆ ಬೇಗಡೆ ಅಂಟಿಸಿ, ದೀಪದ ಬೆಳಕಿಗೆ ಓರೆ ಹಿಡಿದು ಪರೀಕ್ಷೆ ಮಾಡುತ್ತಿದ್ದದ್ದು ನನಗೆ ನೆನಪಾಯಿತು.

ಸಿಮೋನೆ ಮಾರ್ತೀನಿಯ 1333ರ ಚಿತ್ರದಲ್ಲಿ ದೇವದೂತನ ಬಾಯಿಂದ ಹೊರಟ ಮಾತು ಅಕ್ಷರವಾಗಿಯೇ ಮೇರಿಯ ಕಿವಿಯತ್ತ ಹೋಗುತ್ತದೆ. ಅಕ್ಷರಗಳು ಉಬ್ಬಿಕೊಂಡಿವೆ. ಫಿಲಿಪ್ಪೊ ಲಿಪ್ಪಿಯ ಮೇರಿಯ ತಲೆಯ ಮೇಲಿನ ಸೆರಗು, ನಮ್ಮ ಕಡೆಯ ಸಿಹಿತಿಂಡಿ ತೊಡೆದೇವಿನ ಹಾಗೆ ಆಚೆಯದು ಕಾಣುವಷ್ಟು ತೆಳು. ಪಿಯೆರೊ ದೆಲ್ಲಾ ಫ್ರಾಂಚೆಸ್ಕಾ ಬರೆದ, ಉರ್ಬಿನೊ ಎಂಬ ಊರಿನ ದೊರೆ ಮುಖದ ಒಂದೇ ಪಕ್ಕ ತೋರಿಸುತ್ತಾನೆ, ಏಕೆಂದರೆ ಕಾಳಗದ ಆಟದಲ್ಲಿ ಅವನ ಬಲಗಣ್ಣು ಹೋಗಿತ್ತು. ಶಿಶು ಏಸುವಿಗೆ ಜ್ಞಾನಿಗಳು ನಮಿಸುವ, ಲಿಯೊನಾರ್ಡೊನ 'ಜ್ಞಾನಿಗಳ ನಮನ' ಅರ್ಧಕ್ಕೆ ಬಿಟ್ಟ ಚಿತ್ರ. ಅದನ್ನು ದಾಟಿ ಹೋಗಬೇಡಿ. ಬಣ್ಣ ತುಂಬುವ ಮುನ್ನ ಅವನು ಹೇಗೆ ಯೋಚಿಸುತ್ತಿದ್ದ ಎಂಬುದು ಕಂದು ಗೆರೆಗಳಲ್ಲೇ ತೆರೆದು ಕಾಣುತ್ತದೆ.

ನಾನು ಹೆಚ್ಚು ಹೊತ್ತು ನಿಂತದ್ದು ಮೈಕೆಲಾಂಜೆಲೊನ ದುಂಡು ಹಲಗೆಯ ಮುಂದೆ. ಸರಿಯಾಗಿ ಹೇಳಬೇಕೆಂದರೆ ಅದರ ಚೌಕಟ್ಟಿನ ಮುಂದೆ. ಚಿತ್ರದ ಜೊತೆಗೇ ಮಾಡಿಸಿದ ಮರದ ಚೌಕಟ್ಟು ಈಗಲೂ ಇದೆ. ಬಳ್ಳಿಗಳ ನಡುವೆ ಐದು ತಲೆಗಳು ಹಲಗೆಯಿಂದ ಹೊರಗೆ ಬಾಗಿ ನೋಡುತ್ತವೆ. ಎಲ್ಲರೂ ಒಳಗಿನ ಚಿತ್ರದ ಫೋಟೋ ತೆಗೆದು ಹೋಗುತ್ತಿದ್ದರು. ಎಲೆಯ ಅಂಚಿನಲ್ಲಿ ಉಳಿ ತಿರುಗಿದ ಜಾಗ ನೋಡುತ್ತ ನಾನು ನಿಂತೆ. ಅಪ್ಪ ಇದ್ದಿದ್ದರೆ ಅವರನ್ನು ಅಲ್ಲಿಂದ ಕರೆದುಕೊಂಡು ಬರಲು ಆಗುತ್ತಿರಲಿಲ್ಲ.

ತ್ರಿಬೂನಾ ಎಂಬ ಎಂಟು ಮೂಲೆಯ ಕೆಂಪು ಕೋಣೆಯೊಳಗೆ ಬಿಡುವುದಿಲ್ಲ, ಬಾಗಿಲಲ್ಲಿ ನಿಂತು ತಲೆಯೆತ್ತಿ ನೋಡಿ. ಗುಮ್ಮಟಕ್ಕೆ ಸಾವಿರಾರು ಚಿಪ್ಪು ಕೂರಿಸಿದ್ದಾರೆ. ಕಾರವಾರದ ಕಡಲಂಚಿನಲ್ಲಿ ಚಿಪ್ಪು ಆರಿಸಿ ಬೆಳೆದ ನಮ್ಮನೆಯವರು ಅಲ್ಲಿಂದ ಅಲುಗಲಿಲ್ಲ. ಪಡಸಾಲೆಯ ತುದಿಯಲ್ಲಿ ಹೊಳೆ, ಹಳೆಯ ಸೇತುವೆ ಕಾಣುವ ಕಿಟಕಿಗಳಿವೆ, ದಾಟಿದರೆ ತಾರಸಿಯ ಮೇಲೆ ಕಾಫಿ ಸಿಗುತ್ತದೆ. ಅಲ್ಲಿ ಅರ್ಧ ತಾಸು ಕೂರಿ. ಕೆಳಮಹಡಿಗೆ ಇಳಿಯುವ ಮೊದಲು ಕಣ್ಣಿಗೂ ಕಾಲಿಗೂ ಅದು ಬೇಕು. ಕೆಳಗೆ ಕಾರವಾಜ್ಜೊ ಗುರಾಣಿಯ ಮೇಲೆ ಬರೆದ ಹಾವುಗೂದಲಿನ ಮೆಡೂಸಾ, ಆರ್ತೆಮೀಸಿಯಾ ಜೆಂತಿಲೆಸ್ಕಿ ಎಂಬ ಹೆಣ್ಣುಮಗಳು ಬರೆದ, ವೈರಿ ಸೇನಾಪತಿಯ ತಲೆ ಕಡಿಯುವ ಜೂಡಿತ್ ಇದ್ದಾರೆ. ರಕ್ತ ಹಾರುವ ಚಿತ್ರ, ಸಣ್ಣ ಮಕ್ಕಳಿದ್ದರೆ ನೋಡಿಕೊಂಡು ಹೋಗಿ.

ಉಫ್ಫಿತ್ಸಿ ಎಂದರೆ ಕಚೇರಿಗಳು ಎಂದೇ ಅರ್ಥ. 1560ರಲ್ಲಿ ವಾಸ್ತುಶಿಲ್ಪಿ ವಸಾರಿ ಈ ಕಟ್ಟಡ ಶುರು ಮಾಡಿದ್ದು ಫ್ಲಾರೆನ್ಸನ್ನು ಆಳುತ್ತಿದ್ದ ಮೆದಿಚಿ ಮನೆತನದ ದೊರೆಯ ಸರಕಾರಿ ಕಚೇರಿಗಳಿಗಾಗಿ. ಆ ಮನೆತನದ ಕೊನೆಯವಳು ಆನ್ನಾ ಮಾರಿಯಾ ಲುಯೀಸಾ 1737ರಲ್ಲಿ ಕರಾರು ಬರೆಸಿದಳು: ಇಲ್ಲಿಯ ಕಲಾವಸ್ತು ಒಂದೂ ಫ್ಲಾರೆನ್ಸ್ ಬಿಟ್ಟು ಹೋಗಕೂಡದು. ನಾವು ಕಾಸು ಕೊಟ್ಟು ನೋಡುವ ಹಾಗೆ ಇವತ್ತಿಗೂ ಅವು ಒಂದೇ ಕಡೆ ಉಳಿದಿರುವುದು ಆ ಒಂದು ಕಾಗದದಿಂದ.

ನಾಲ್ಕು ತಾಸು ಸಾಕು. ಹೊರಬಿದ್ದ ಮೇಲೆ ಊಟ ಮಾಡಿ, ಹೊಳೆ ದಾಟಿ ವಿಯಾ ಮಾಜ್ಜೊ ರಸ್ತೆಗೆ ಹೋಗಿ, ಮೆದಿಚಿ ದೊರೆಯೊಬ್ಬನ ಹೆಂಡತಿಯಾಗಿದ್ದ ಬಿಯಾಂಕಾ ಕಪ್ಪೆಲ್ಲೋಳ ಮನೆ ಕೇಳಿ. ಹತ್ತು ನಿಮಿಷದ ನಡಿಗೆ. ಇಡೀ ಮುಂಗೋಡೆ ಗೀರಿ ಬರೆದ ಚಿತ್ತಾರ. ಸ್ಗ್ರಾಫಿತೊ ಎನ್ನುತ್ತಾರೆ, ಆದರೆ ಶಿರಸಿಯವರಿಗೆ ಮೊದಲ ನೋಟಕ್ಕೇ ಗುರುತು ಸಿಗುತ್ತದೆ: ನಮ್ಮ ಮಾರಿಗುಡಿಯ ಒಳಗೋಡೆಯ ಕಾವಿ ಕಲೆಯ ಒಡಹುಟ್ಟು. ನಮ್ಮಲ್ಲಿ ಸುಣ್ಣದ ಗಾರೆ ಕೆಳಗೆ, ಕೆಮ್ಮಣ್ಣು ಮೇಲೆ, ಗೀರಿದರೆ ಬಿಳಿ ಬರುತ್ತದೆ. ಅಲ್ಲಿ ಕಪ್ಪು ಗಾರೆ ಕೆಳಗೆ, ಸುಣ್ಣ ಮೇಲೆ, ಗೀರಿದರೆ ಕಪ್ಪು ಬರುತ್ತದೆ. ಇದಕ್ಕೆ ಟಿಕೆಟ್ ಬೇಡ, ಎದುರಿನ ಫುಟ್‌ಪಾತಿನಿಂದ ನೋಡಬಹುದು. ರಸ್ತೆ ಇಕ್ಕಟ್ಟಾಗಿದೆ, ಹಿಂದೆ ಸರಿಯುವಾಗ ಗಾಡಿ ನೋಡಿಕೊಳ್ಳಿ.