ನಂಬಲಾಗದ ನಿರೂಪಕನನ್ನು ಬರೆಯುವುದು ಹೇಗೆ

ಮನೋವೈಜ್ಞಾನಿಕ ರೋಚಕ ಕಥೆಯಲ್ಲಿ ಸತ್ಯವನ್ನು ಮರೆಮಾಡುವ ಹಕ್ಕು ನಿರೂಪಕನಿಗೆ ಇದೆ, ಲೇಖಕರಿಗೆ ಇಲ್ಲ. ಅಮೆರಿಕದ ವಿಮರ್ಶಕ ವೇಯ್ನ್ ಬೂತ್ 1961ರಲ್ಲಿ ಈ ಬಗೆಯ ನಿರೂಪಕನನ್ನು ಗುರುತಿಸಿ ಹೆಸರಿಟ್ಟಾಗ, ನಿರೂಪಕನ ಮಾತಿಗೂ ಕೃತಿಯ ಒಟ್ಟು ನಿಲುವಿಗೂ ನಡುವೆ ಇರುವ ಅಂತರವನ್ನೇ ಅವನ ಲಕ್ಷಣವೆಂದರು. ಆ ಅಂತರ ಓದುಗರ ಕೈಗೆ ಸಿಗುವಂತೆ ಬರೆಯುವುದೇ ಈ ಪ್ರಕಾರದ ಕಷ್ಟದ ಕೆಲಸ.

ಆದ್ದರಿಂದ ಕಥೆಗೆ ಕೈ ಹಾಕುವ ಮೊದಲು, ನಿಜವಾಗಿ ನಡೆದದ್ದನ್ನು ಗಂಟೆ ಗಂಟೆಯ ಲೆಕ್ಕದಲ್ಲಿ, ‘ನಾನು’ ಎಂದಲ್ಲದೆ ‘ಅವನು’ ಎಂದು ಬರೆದಿಟ್ಟುಕೊಳ್ಳಿ. ಕಾಯಿಲೆಯ ಅಣ್ಣನನ್ನು ನೋಡಿಕೊಳ್ಳುತ್ತಿದ್ದ ತಮ್ಮನೊಬ್ಬ ಮೂರು ರಾತ್ರಿ ಬೇಕೆಂದೇ ಮಾತ್ರೆ ಕೊಡದೆ ಬಿಟ್ಟ, ನಾಲ್ಕನೆಯ ಬೆಳಿಗ್ಗೆ ಅಣ್ಣ ಏಳಲಿಲ್ಲ ಎಂದಿಟ್ಟುಕೊಳ್ಳೋಣ. ತಮ್ಮ ಇದನ್ನು ಯಾರಿಗೆ ಹೇಳುತ್ತಿದ್ದಾನೆ, ಅವರಿಂದ ಏನನ್ನು ಬಯಸುತ್ತಿದ್ದಾನೆ ಎಂಬುದನ್ನೂ ನಿರ್ಧರಿಸಿ. ಪೊಲೀಸರೆದುರು ಹೇಳುವ ಸುಳ್ಳು ಬೇರೆ, ಅತ್ತಿಗೆಯೆದುರು ಹೇಳುವ ಸುಳ್ಳು ಬೇರೆ, ರಾತ್ರಿ ನಿದ್ದೆ ಬರಲೆಂದು ತನಗೆ ತಾನೇ ಹೇಳಿಕೊಳ್ಳುವ ಸುಳ್ಳು ಇನ್ನೂ ಬೇರೆ. ನನ್ನ ಮಟ್ಟಿಗೆ ಮೂರನೆಯದೇ ಹೆಚ್ಚು ಆಳಕ್ಕಿಳಿಯುತ್ತದೆ.

ಇನ್ನು ವಾಕ್ಯದ ಮಾತು. ಇಲ್ಲಿ ಕನ್ನಡ ನಮಗೆ ಬಹಳ ಉದಾರವಾಗಿ ನೆರವಾಗುತ್ತದೆ. ‘ಕೊಟ್ಟೆ’ ಎಂದರೆ ಕೊಟ್ಟವನು ನಾನೆಂದು ಕ್ರಿಯಾಪದವೇ ಒಪ್ಪಿಕೊಳ್ಳುತ್ತದೆ. ‘ಕೊಡಲಿಲ್ಲ’ ಎಂದರೆ ನಾನೋ, ಅವಳೋ, ಅವರೋ ತಿಳಿಯುವುದಿಲ್ಲ. ‘ಆ ರಾತ್ರಿ ಅಣ್ಣನಿಗೆ ಮಾತ್ರೆ ಕೊಡಲಿಲ್ಲ’ ಎಂಬ ವಾಕ್ಯದಲ್ಲಿ ಒಂದಕ್ಷರವೂ ಸುಳ್ಳಲ್ಲ, ಆದರೂ ಓದುಗರು ಆ ತಪ್ಪನ್ನು ಮನೆಯ ಇನ್ನೊಬ್ಬರ ಮೇಲೆ ಹೊರಿಸಿ ಮುಂದೆ ಹೋಗಬಹುದು. ‘ಮಾತ್ರೆ ಕೊಡುವುದು ತಪ್ಪಿಹೋಯಿತು’ ಎಂದಾಗ ಮಾಡಿದ ಕೆಲಸ ತಾನಾಗಿ ಆದ ಸಂಗತಿಯಾಗುತ್ತದೆ. ‘ಅಂತೆ’ ಇನ್ನೂ ಸೂಕ್ಷ್ಮವಾದದ್ದು: ಕೋಣೆಯಲ್ಲಿ ತಾನೇ ಇದ್ದವನು ‘ಅಣ್ಣ ನೀರು ಕೇಳಿದನಂತೆ’ ಎಂದರೆ, ತಾನು ಅಲ್ಲಿರಲಿಲ್ಲವೆಂದು ಬಾಯಿಬಿಟ್ಟು ಹೇಳದೆಯೇ ಹೇಳಿದಂತಾಗುತ್ತದೆ. ಇವುಗಳಲ್ಲಿ ಯಾವುದನ್ನೂ ಪುಟಕ್ಕೆರಡು ಬಾರಿ ಬಳಸಬೇಡಿ, ಏಕೆಂದರೆ ಕನ್ನಡದ ಕಿವಿ ಅದನ್ನು ಬೇಗ ಹಿಡಿಯುತ್ತದೆ.

ಮರೆಮಾಡಿದ್ದಕ್ಕೆ ಪ್ರತಿಯಾಗಿ ಸಾಕ್ಷಿಯನ್ನೂ ಇಡಬೇಕು. ಮೊದಲ ರಾತ್ರಿ ತಮ್ಮ ಮಾತ್ರೆಯ ಹಾಳೆಯಲ್ಲಿ ಆರು ಉಳಿದಿವೆ ಎಂದು ಎಣಿಸಲಿ. ನಾಲ್ಕನೆಯ ದಿನ ಅತ್ತಿಗೆ ಮೇಜು ಒರೆಸುವಾಗಲೂ ಆರೇ ಇರಲಿ. ಅಗಾಥಾ ಕ್ರಿಸ್ಟಿಯವರ ‘ದಿ ಮರ್ಡರ್ ಆಫ್ ರೋಜರ್ ಆಕ್ರಾಯ್ಡ್’ (1926) ಓದದವರು ಈ ಪ್ಯಾರಾದ ಉಳಿದ ಭಾಗವನ್ನು ಬಿಟ್ಟುಬಿಡಿ. ಅದರಲ್ಲಿ ಕಥೆ ಹೇಳುವ ವೈದ್ಯರೇ ಕೊಲೆಗಾರ. ಪತ್ರ ಬಂದದ್ದು ಎಂಟು ನಲವತ್ತಕ್ಕೆ, ತಾವು ಹೊರಟದ್ದು ಎಂಟು ಐವತ್ತಕ್ಕೆ, ಪತ್ರವನ್ನು ಆಗಲೂ ಓದಿರಲಿಲ್ಲ ಎಂದು ಅವರೇ ಬರೆಯುತ್ತಾರೆ. ಕೊಲೆ ನಡೆದ ನಡುವಿನ ಹತ್ತು ನಿಮಿಷ ಬಯಲಿನಲ್ಲೇ ಬಿದ್ದಿರುತ್ತದೆ. ಅನೇಕರು ಇದನ್ನು ಮೋಸವೆಂದು ಕರೆದಿದ್ದಾರೆ, ಆದರೆ ನನಗೆ ಅದು ಪೂರ್ಣ ಪ್ರಾಮಾಣಿಕ ಬರಹವಾಗಿಯೇ ಕಾಣುತ್ತದೆ.

ಎಲ್ಲ ಕಥೆಗೂ ಬಯಲಾಗುವ ಗಳಿಗೆ ಬೇಕೆಂದೇನೂ ಇಲ್ಲ. ವಿವೇಕ ಶಾನಭಾಗರ ‘ಘಾಚರ್ ಘೋಚರ್’ನ ಹೆಸರಿಲ್ಲದ ನಿರೂಪಕ ಕಾಫಿ ಹೌಸಿನಲ್ಲಿ ಕುಳಿತು ತನ್ನ ಮನೆಯವರ ಬಗ್ಗೆ ಹೇಳುತ್ತಾ ಹೋದಂತೆ, ಅವನು ಕೇಳದೆ ಬಿಟ್ಟ ಪ್ರಶ್ನೆಗಳೇ ನಮ್ಮಲ್ಲಿ ಭಯ ಹುಟ್ಟಿಸುತ್ತವೆ.

ಕರಡು ಮುಗಿದ ಮೇಲೆ, ಸತ್ಯ ಗೊತ್ತಿರುವವರ ಕಣ್ಣಿನಿಂದ ಮತ್ತೊಮ್ಮೆ ಓದಿ, ಪ್ರತಿ ವಾಕ್ಯವೂ ಎರಡನೆಯ ಅರ್ಥದಲ್ಲಿ ನಿಲ್ಲುತ್ತದೆಯೇ ಎಂದು ಪೆನ್ಸಿಲಿನಿಂದ ಗುರುತು ಹಾಕಿ. ತಮ್ಮನಿಗೆ ಕಾರಣವಿಲ್ಲದೆ, ನಿಮ್ಮ ಅನುಕೂಲಕ್ಕಷ್ಟೇ ಹೇಳಿಸಿದ ಸುಳ್ಳನ್ನು ಹೊಡೆದುಹಾಕಿ. ಬಳಿಕ ಏನೂ ತಿಳಿಸದೆ ಇಬ್ಬರಿಗೆ ಓದಲು ಕೊಡಿ. ಮಾತ್ರೆಯ ಲೆಕ್ಕವನ್ನು ಇಬ್ಬರೂ ಕೊನೆಯವರೆಗೆ ಗಮನಿಸದಿದ್ದರೆ ಎರಡು ಎಣಿಕೆಗಳನ್ನೂ ಹತ್ತಿರ ತನ್ನಿ. ಇಬ್ಬರೂ ತಕ್ಷಣ ಹಿಡಿದರೆ, ಅತ್ತಿಗೆ ಮೇಜು ಒರೆಸುವ ಹೊತ್ತಿಗೆ ಬಾಗಿಲಲ್ಲಿ ಯಾರಾದರೂ ಬಂದು ನಿಲ್ಲಲಿ.