ಮೂರು ಬೇ, ಏಳು ಪಾಯಿಂಟ್: ಕುಂಬಳೆಯಲ್ಲಿ ತ್ರೀ ಆನ್ ತ್ರೀ ಮಾಡಿ ನೋಡಿದ್ದು

ಕುಂಬಳೆ ಕಡೆಯ ನಮ್ಮ ಕೂಟದಲ್ಲಿ ಇಷ್ಟರವರೆಗೆ ಬೇಬ್ಲೇಡ್ ಎಕ್ಸ್ (ಲಾಂಚರಿನಿಂದ ಸ್ಟೇಡಿಯಂ ಎಂಬ ಬೋಗುಣಿಗೆ ಬಿಟ್ಟು ಕಾದಾಡಿಸುವ ಆಟಿಕೆ ಬುಗುರಿ) ಪಂದ್ಯವೆಂದರೆ ಒಬ್ಬರಿಗೆ ಒಂದು ಬೇ, ಅಂದರೆ ಬುಗುರಿ, ಮೊದಲು 4 ಪಾಯಿಂಟ್ ಮಾಡಿದವರು ಗೆದ್ದರು. ಒಳ್ಳೆಯ ಬೇ ಒಂದು ಯಾರ ಕೈಯಲ್ಲಿ ಉಂಟೋ ಅವರೇ ಫೈನಲಿಗೆ ಹೋಗುತ್ತಾರೆ, ಮುಂದಿನ ಸಲ ಎಲ್ಲರೂ ಅದನ್ನೇ ಹಿಡಿದುಕೊಂಡು ಬರುತ್ತಾರೆ. ಅದಕ್ಕೆ ಈ ಬೇಸಗೆ ರಜೆಯಲ್ಲಿ ತ್ರೀ ಆನ್ ತ್ರೀ ಮಾಡಿದೆವು: 16 ಮಕ್ಕಳು, ಎರಡು ಸ್ಟೇಡಿಯಂ, ಊಟದ ನಂತರದ ಒಂದು ಹೊತ್ತು. ಕಾಸರಗೋಡು ಸುತ್ತಿನಲ್ಲಿ ಬೇರೆ ಯಾರಾದರೂ ಮಾಡುವುದಿದ್ದರೆ ಉಪಯೋಗಕ್ಕೆ ಬರಲಿ ಎಂದು ವಿವರವಾಗಿ ಬರೆಯುತ್ತಿದ್ದೇನೆ.

ಕ್ರಮ ಇಷ್ಟೆ. ಪ್ರತಿಯೊಬ್ಬರೂ ಮೂರು ಬೇಗಳ ಒಂದು ಡೆಕ್ ಕಟ್ಟಬೇಕು. ಮೂರರ ಸರದಿಯನ್ನು ಗುಟ್ಟಾಗಿ ಇಟ್ಟುಕೊಳ್ಳಬೇಕು. ಒಂದನೆಯದ್ದು ಎದುರಾಳಿಯ ಒಂದನೆಯದ್ದಕ್ಕೆ, ಎರಡನೆಯದ್ದು ಎರಡನೆಯದ್ದಕ್ಕೆ, ಹೀಗೆ. ಮೂರೂ ಮುಗಿದ ಮೇಲೂ ಗುರಿ ಮುಟ್ಟದಿದ್ದರೆ ಸರದಿ ಬದಲಿಸಿ ಮತ್ತೆ ಮೊದಲಿನಿಂದ. ಸ್ಪಿನ್ ಫಿನಿಶಿಗೆ (ಎದುರಾಳಿಯ ಬೇ ಮೊದಲು ನಿಂತರೆ) 1, ಬರ್ಸ್ಟಿಗೆ (ಅದು ಬಿಡಿಬಿಡಿಯಾದರೆ) 2, ಓವರ್ ಫಿನಿಶಿಗೆ (ಪಕ್ಕದ ಗುಂಡಿಗೆ ಬಿದ್ದರೆ) 2, ಎಕ್ಸ್‌ಟ್ರೀಮ್ ಫಿನಿಶಿಗೆ (ನಡುವಿನ ಗುಂಡಿಗೆ ಬಿದ್ದರೆ) 3 ಪಾಯಿಂಟ್.

ಡೆಕ್ ಕಟ್ಟುವಲ್ಲಿಯೇ ಹೆಚ್ಚಿನವರು ಎಡವಿದರು. ಬ್ಲೇಡ್, ರ್‍ಯಾಚೆಟ್, ಬಿಟ್ (ಮೇಲಿನ ಚಕ್ರ, ನಡುವಿನ ಬಳೆ, ಅಡಿಯ ಮೊನೆ) ಇವುಗಳಲ್ಲಿ ಯಾವ ಭಾಗವೂ ಒಂದೇ ಡೆಕ್ಕಿನಲ್ಲಿ ಎರಡು ಸಲ ಬರುವಂತಿಲ್ಲ. ಬಣ್ಣ ಬೇರೆಯಾದರೂ ಭಾಗ ಒಂದೇ. ಬ್ಲೇಡ್ ಬೇರೆ ಬೇರೆ ಇದ್ದರೆ ಸಾಕು ಎಂದು ಮಕ್ಕಳು ತಿಳಿದಿರುತ್ತಾರೆ. ಹೆಸರಿನಲ್ಲಿ ಮೊದಲು ಬ್ಲೇಡ್, ಆಮೇಲೆ ಅಂಕೆಯಲ್ಲಿ ರ್‍ಯಾಚೆಟ್, ಕಡೆಗೆ ಅಕ್ಷರದಲ್ಲಿ ಬಿಟ್ (ಎಫ್ ಎಂದರೆ ಫ್ಲಾಟ್, ಬಿ ಎಂದರೆ ಬಾಲ್). ಡ್ರಾನ್ ಸೋರ್ಡ್ 3-60 ಎಫ್, ಶಾರ್ಕ್ ಎಡ್ಜ್ 3-60 ಎಲ್‌ಎಫ್: ಎರಡನ್ನೂ ಪೆಟ್ಟಿಗೆಯಿಂದ ತೆಗೆದ ಹಾಗೆಯೇ ಇಟ್ಟರೆ 3-60 ರ್‍ಯಾಚೆಟ್ ಎರಡು ಸಲ ಬಂತು, ಡೆಕ್ ನಡೆಯುವುದಿಲ್ಲ. ಮೊದಲು ಬಂದ ನಾಲ್ಕು, ಅಂದರೆ ಡ್ರಾನ್ ಸೋರ್ಡ್ 3-60 ಎಫ್, ಹೆಲ್ಸ್ ಸೈತ್ 4-60 ಟಿ, ವಿಝಾರ್ಡ್ ಆ್ಯರೋ 4-80 ಬಿ, ನೈಟ್ ಶೀಲ್ಡ್ 3-80 ಎನ್, ಇವುಗಳಲ್ಲಿ ಯಾವ ಮೂರನ್ನು ಹಿಡಿದರೂ ಏನೂ ಬದಲಿಸಬೇಕಾಗಿಲ್ಲ. ಹೊಸಬರಿಗೆ ನಾವು ಹೇಳುವುದು ಅದನ್ನೇ. ಉಳಿದವರಿಗಾಗಿ ಎರವಲು ಡಬ್ಬಿ ಇಟ್ಟೆವು: ಬಿಡಿ ರ್‍ಯಾಚೆಟ್, ಬಿಟ್‌ಗಳು, ಪ್ರತಿಯೊಂದಕ್ಕೂ ಅಡಿಯಲ್ಲಿ ಉಗುರು ಬಣ್ಣದ ಒಂದು ಚುಕ್ಕೆ. ಚುಕ್ಕೆ ಇಲ್ಲದಿದ್ದರೆ ಸಂಜೆ ಯಾರದ್ದು ಯಾರಿಗೆ ಹೋಯಿತೆಂದು ಗೊತ್ತಾಗುವುದಿಲ್ಲ.

ನಮ್ಮಲ್ಲಿ ಇನ್ನೊಂದು ತೊಡಕು ಉಂಟು. ಗಲ್ಫಿನಲ್ಲಿರುವ ಮಾವನೋ ಚಿಕ್ಕಪ್ಪನೋ ತಂದುಕೊಟ್ಟ ಬೇಗಳಲ್ಲಿ ಹ್ಯಾಸ್ಬ್ರೋ ಕಂಪೆನಿಯದ್ದೂ ಇರುತ್ತದೆ, ಜಪಾನಿನ ಟಕಾರಾ ಟೋಮಿ ಕಂಪೆನಿಯದ್ದೂ ಇರುತ್ತದೆ. ಭಾಗಗಳು ಒಂದಕ್ಕೊಂದು ಕೂಡುತ್ತವೆ, ಆದರೆ ಹೆಸರು ಬೇರೆ. ಟಕಾರಾದ ಹೆಲ್ಸ್ ಸೈತ್ ಹ್ಯಾಸ್ಬ್ರೋದಲ್ಲಿ ಸೈತ್ ಇನ್‌ಸೆಂಡಿಯೊ. ನೈಟ್ ಶೀಲ್ಡ್ ಅಲ್ಲಿ ಹೆಲ್ಮ್ ನೈಟ್. ಹೆಸರು ನೋಡಿ ಡೆಕ್ ಪಾಸು ಮಾಡಿದರೆ ಒಂದೇ ಬ್ಲೇಡ್ ಎರಡು ಸಲ ಒಳಗೆ ಬರುತ್ತದೆ. ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು ಆಕಾರ ನೋಡಿಯೇ ಡೆಕ್ ಬರೆದ ಚೀಟಿಗೆ ಸಹಿ ಹಾಕಬೇಕು. ಸಹಿ ಆದ ಮೇಲೆ ಭಾಗ ಬದಲಿಲ್ಲ. ಮುರಿದರೆ ಅದೇ ಭಾಗದ ಇನ್ನೊಂದು ಮಾತ್ರ.

ಸರದಿ ಗುಟ್ಟಾಗಿಡಲು ಬೇಕರಿಯ ಸ್ವೀಟ್ ಬಾಕ್ಸ್ ಸಾಕು. ಒಳಗೆ ಎರಡು ರಟ್ಟಿನ ಅಡ್ಡಗೋಡೆ, 1, 2, 3 ಎಂದು ಬರೆದ ಮೂರು ಕೋಣೆ. ಬೆನ್ನು ತಿರುಗಿಸಿ ತುಂಬಿಸಿ ಮುಚ್ಚಳ ಹಾಕುವುದು, ಆಮೇಲೆ ತೆಗೆಯುವುದು ರೆಫ್ರಿ. ಸರದಿ ಬದಲಿಸಲು ಮೊದಲು ಸಮಯದ ಮಿತಿ ಇಟ್ಟಿರಲಿಲ್ಲ. ಮಕ್ಕಳು ಅಣ್ಣನ ಮುಖ, ಅಪ್ಪನ ಮುಖ ನೋಡುತ್ತ ಐದೈದು ನಿಮಿಷ ತೆಗೆದರು. ನಡುವೆ 30 ಸೆಕೆಂಡ್ ಎಂದು ನಿಗದಿ ಮಾಡಿ, ಹೆತ್ತವರ ಕುರ್ಚಿಗಳನ್ನು ಗೋಡೆಗೆ ಸರಿಸಿದ ಮೇಲೆ ಸರಿಹೋಯಿತು.

ಈಗ ಮುಖ್ಯ ಸಂಗತಿ. ಗುಂಪಿನ ಪಂದ್ಯಗಳನ್ನು 4 ಪಾಯಿಂಟಿಗೇ ಆಡಿಸಿದೆವು. ಅರ್ಧ ಗಂಟೆಯೊಳಗೆ ದೂರು ಬಂತು: “ಅಣ್ಣಾ, ನನ್ನ ಮೂರನೆಯದ್ದು ಆಡ್ಲಿಕ್ಕೇ ಸಿಗ್ಲಿಲ್ಲ.” ಲೆಕ್ಕ ಹಾಕಿದರೆ ಅವನು ಹೇಳಿದ್ದು ಸರಿ. ಒಂದು ಎಕ್ಸ್‌ಟ್ರೀಮ್ 3, ಒಂದು ಸ್ಪಿನ್ 1, ಎರಡೇ ಬ್ಯಾಟಲಿನಲ್ಲಿ ಪಂದ್ಯ ಮುಗಿಯಿತು. ಎರಡು ಬರ್ಸ್ಟ್ ಆದರೂ ಅಷ್ಟೆ. ಗುರಿಯನ್ನು 5 ಮಾಡಿದರೂ, 6 ಮಾಡಿದರೂ ಎರಡು ಎಕ್ಸ್‌ಟ್ರೀಮಿನಲ್ಲಿ ಕತೆ ಮುಗಿಯಬಹುದು. 7 ಇಟ್ಟರೆ ಮಾತ್ರ ಮೂರನೆಯ ಬೇ ಖಂಡಿತ ಹೊರಗೆ ಬರುತ್ತದೆ. ಮೂರು ಬೇ ಕೇಳುವ ಆಟದಲ್ಲಿ ಮೂರನೆಯದ್ದು ಬಾಕ್ಸಿನಲ್ಲೇ ಉಳಿದರೆ ಸರದಿಯ ಯೋಚನೆಗೆ ಬೆಲೆಯೇ ಇಲ್ಲ. ಎಲ್ಲರೂ ಗಟ್ಟಿ ಬೇಯನ್ನು ಮೊದಲನೆಯ ಕೋಣೆಗೆ ಹಾಕಿ ಕೈ ತೊಳೆದುಕೊಳ್ಳುತ್ತಾರೆ. ಕ್ವಾರ್ಟರ್ ಫೈನಲಿನಿಂದ 7ಕ್ಕೆ ಏರಿಸಿದೆವು. ಆಮೇಲೆ ಆಟದ ರೀತಿಯೇ ಬದಲಾಯಿತು: ಮೊದಲಿಗೆ ಬಾಲ್ ಬಿಟ್‌ನ ನಿಧಾನದ ಬೇ ಇಟ್ಟು ಎದುರಾಳಿಯ ಅಟ್ಯಾಕ್ ಬೇಯನ್ನು ದಣಿಸುವವರು, ಅದನ್ನು ಊಹಿಸಿ ಅಟ್ಯಾಕನ್ನು ಮೂರನೆಯ ಕೋಣೆಗೆ ತಳ್ಳುವವರು. ನಾವು ಕಾಯುತ್ತಿದ್ದದ್ದು ಇಂಥ ಆಟಕ್ಕೇ.

ಆದರೆ 7ಕ್ಕೆ ಹೊತ್ತು ಬೇಕು. 4ರ ಪಂದ್ಯ ಹೆಚ್ಚೆಂದರೆ 7 ಬ್ಯಾಟಲಿಗೆ ಹೋಗುತ್ತದೆ, 7ರದ್ದು 13ರವರೆಗೆ ಎಳೆಯಬಹುದು. ನಾಲ್ವರ ನಾಲ್ಕು ಗುಂಪು ಮಾಡಿದರೆ 24 ಪಂದ್ಯ, ಒಂದೊಂದು ಸ್ಟೇಡಿಯಮಿಗೆ 12. ಐದು ನಿಮಿಷದಂತೆ ಒಂದು ಗಂಟೆ ಎಂದು ಲೆಕ್ಕ ಹಾಕಿದ್ದೆವು, ಒಂದೂವರೆ ಹಿಡಿಯಿತು. ನಾಕೌಟಿನ ಏಳು ಪಂದ್ಯಗಳಿಗೆ ತಲಾ ಹತ್ತು ನಿಮಿಷ ಹಿಡಿಯಿರಿ. ಗುಂಪಿನಿಂದಲೇ 7 ಆಡಿಸಬೇಕೆಂದರೆ ನಾಲ್ಕು ಸ್ಟೇಡಿಯಂ, ನಾಲ್ವರು ರೆಫ್ರಿ ಬೇಕು. ಗುಂಪಿನಲ್ಲಿ ಸಮ ಬಂದರೆ ಪಾಯಿಂಟ್ ವ್ಯತ್ಯಾಸ ನೋಡುವಾಗ ಒಂದು ಪಂದ್ಯಕ್ಕೆ 4ಕ್ಕಿಂತ ಹೆಚ್ಚು ಲೆಕ್ಕಕ್ಕೆ ಹಿಡಿಯಬಾರದು. 3ರಲ್ಲಿದ್ದವರು ಕಡೆಗೊಂದು ಎಕ್ಸ್‌ಟ್ರೀಮ್ ಹೊಡೆದು 6 ಮಾಡಿ ಗುಂಪು ದಾಟುವುದು ನ್ಯಾಯವಲ್ಲ.

ಸ್ಟೇಡಿಯಂ ಸಮತಟ್ಟಾಗಿರುವುದು ಒಂದೇ ಬೇಯ ಆಟಕ್ಕಿಂತ ಇಲ್ಲಿ ಹೆಚ್ಚು ಮುಖ್ಯ. ಎಕ್ಸ್‌ಟ್ರೀಮ್ ಝೋನ್, ಅದರ ಎರಡು ಪಕ್ಕದ ಓವರ್ ಝೋನ್, ಮೂರೂ ಒಂದೇ ಬದಿಗೆ. ಆ ಬದಿಗೆ ತುಸು ಇಳಿಜಾರಿದ್ದರೂ ದಣಿದ ಬೇ ತಾನಾಗಿ ಅತ್ತ ಜಾರಿ, 1 ಪಾಯಿಂಟ್ ಆಗಬೇಕಾದದ್ದು 2 ಅಥವಾ 3 ಆಗುತ್ತದೆ. ಹಳೆಯ ರೆಡ್ ಆಕ್ಸೈಡ್ ನೆಲ ಸಮ ಇರುವುದಿಲ್ಲ. ಮೇಸ್ತ್ರಿಯವರ ರಸಮಟ್ಟ ಇಟ್ಟು ನೋಡಿ, ತಗ್ಗಿದ ಕಡೆ ಸೈಕಲ್ ಟ್ಯೂಬಿನ ತುಂಡು ಕೊಟ್ಟೆವು. ಟ್ಯೂಬಿನಿಂದ ಸ್ಟೇಡಿಯಂ ಜಾರುವುದೂ ನಿಂತಿತು.

ಬರ್ಸ್ಟ್ ಬಗ್ಗೆ ಜಗಳ ಬಂದಾಗಲೆಲ್ಲ ಕಾರಣ ಒಂದೇ: ಜೋಡಣೆ ಪೂರ್ತಿ ಆಗಿರಲಿಲ್ಲ. ರ್‍ಯಾಚೆಟನ್ನು ಬ್ಲೇಡಿನೊಳಗೆ ತಿರುಗಿಸುವಾಗ ಕಡೆಯ ಟಿಕ್ ಕೇಳಬೇಕು. ಬಿಟ್ ಒತ್ತಿ ಕೂರಿಸಿದ ಮೇಲೆ ಉಗುರಿನಿಂದ ಮೆಲ್ಲ ಎಳೆದು ನೋಡಬೇಕು. ಹತ್ತಾರು ಪೆಟ್ಟು ತಿಂದ ಬಿಟ್ ಕೂದಲೆಳೆಯಷ್ಟು ಹೊರಗೆ ಬಂದಿರುತ್ತದೆ, ಕಣ್ಣಿಗೆ ಕಾಣಿಸುವುದಿಲ್ಲ. ಮೂರು ಬೇ ಇರುವಾಗ ಮಕ್ಕಳು ಮೊದಲನೆಯದ್ದನ್ನು ಮಾತ್ರ ಪರೀಕ್ಷಿಸಿ ಉಳಿದ ಎರಡನ್ನು ಮರೆಯುತ್ತಾರೆ. ಬಾಕ್ಸಿನಿಂದ ತೆಗೆದು ಕೊಡುವ ರೆಫ್ರಿಯೇ ಪ್ರತಿ ಸಲ ಒತ್ತಿ ನೋಡಲಿ.

ಬಿಡುವ ಕೈ ಕೂಡ ಬೇಯ ಬಿಟ್ಟಿಗೆ ತಕ್ಕಂತೆ ಬದಲಾಗಬೇಕು. ಫ್ಲಾಟ್ ಬಿಟ್ಟಿನದ್ದನ್ನು ಲಾಂಚರ್ ಸ್ವಲ್ಪ ಓರೆ ಹಿಡಿದು ಬಿಟ್ಟರೆ ಅಂಚಿನತ್ತ ಓಡಿ, ಅಲ್ಲಿರುವ ಹಳಿಯ ಹಲ್ಲಿಗೆ ಬಿಟ್ಟಿನ ಹಲ್ಲು ಕಚ್ಚಿ, ಝರ್ರೆಂದು ಸುತ್ತು ಹೊಡೆದು ನಡುವಿಗೆ ನುಗ್ಗುತ್ತದೆ. ಅದೇ ಓರೆಯಲ್ಲಿ ಬಾಲ್ ಬಿಟ್ಟಿನದ್ದನ್ನು ಬಿಟ್ಟರೆ ಓಲಾಡಿ ಅರ್ಧ ಶಕ್ತಿ ಅಲ್ಲೇ ಹೋಯಿತು. ಅದಕ್ಕೆ ಲಾಂಚರ್ ನೀರಿನ ಮಟ್ಟದ ಹಾಗೆ ಸಮ ಇರಬೇಕು. ಚಾಟಿ ಸುತ್ತಿ ಬುಗುರಿ ಆಡಿದ ಹಿರಿಯರಿಗೆ ಇದು ಬೇಗ ಅರ್ಥವಾಗುತ್ತದೆ. ಮಕ್ಕಳಿಗೆ ಎರಡನೆಯ ಬ್ಯಾಟಲಿಗೆ ಬೇ ಬದಲಾದರೂ ಕೈ ಮೊದಲಿನದ್ದೇ ಇರುತ್ತದೆ. ಪಂದ್ಯಕ್ಕೆ ಮುಂಚೆ ಮೂರನ್ನೂ ಐದೈದು ಸಲ ಬಿಟ್ಟು ನೋಡಲು ಪಕ್ಕದಲ್ಲಿ ಇನ್ನೊಂದು ಹಳೆಯ ಸ್ಟೇಡಿಯಂ ಇದ್ದರೆ ಒಳ್ಳೆಯದು.

ಎರಡೂ ಒಟ್ಟಿಗೆ ನಿಂತರೆ ಪಾಯಿಂಟ್ ಇಲ್ಲ, ಅದೇ ಎರಡು ಬೇಗಳನ್ನು ಮತ್ತೆ ಬಿಡುವುದು; ಸರದಿ ಮುಂದಕ್ಕೆ ಹೋಗುವುದಿಲ್ಲ. ಇದನ್ನು ಮೊದಲೇ ಹೇಳದೆ ಒಂದು ಪಂದ್ಯದಲ್ಲಿ ಒಬ್ಬ ಎರಡನೆಯ ಕೋಣೆ ತೆರೆದುಬಿಟ್ಟ, ಗುಟ್ಟು ಹೊರಬಿತ್ತು. ಆ ಸುತ್ತನ್ನು ರದ್ದು ಮಾಡಿ ಇಬ್ಬರಿಗೂ ಹೊಸದಾಗಿ ಸರದಿ ಇಡಲು ಬಿಟ್ಟೆವು.