ಸಮಾರಿಯಾ ಕಣಿವೆ: 16 ಕಿಲೋಮೀಟರ್ ಬರೀ ಇಳಿಜಾರು

ಕುಕ್ಕೆ ಕಡೆಯಿಂದ ಕುಮಾರ ಪರ್ವತ ಹತ್ತಿ ಇಳಿದಾಗ ನನ್ನ ಎರಡೂ ಹೆಬ್ಬೆರಳಿನ ಉಗುರು ಕಪ್ಪಾಗಿ, ಆಮೇಲೆ ಬಿದ್ದೇ ಹೋಗಿದ್ದವು. ಹತ್ತುವಾಗ ಏನೂ ಆಗಿರಲಿಲ್ಲ. ಹಾಗಾಗಿ ಗ್ರೀಸಿನ ಕ್ರೀಟ್ ದ್ವೀಪಕ್ಕೆ ಹೊರಟಾಗ, ಸಮಾರಿಯಾ ಕಣಿವೆಯ ದಾರಿ ಹೆಚ್ಚುಕಡಿಮೆ ಪೂರ್ತಿ ಇಳಿಜಾರು ಅಂತ ತಿಳಿದು, ಒಂದು ತಿಂಗಳು ಮೊದಲಿನಿಂದಲೇ ಅಪಾರ್ಟ್‌ಮೆಂಟಿನ ಮೆಟ್ಟಿಲು ಇಳಿಯುವ ಅಭ್ಯಾಸ ಮಾಡಿದೆ. ಮೇಲೆ ಹೋಗಲು ಲಿಫ್ಟು, ಕೆಳಗೆ ಬರಲು ಕಾಲು.

ಸೆಪ್ಟೆಂಬರಿನಲ್ಲಿ ಹೋದೆವು, ನಾನೂ ನನ್ನ ಹೆಂಡತಿಯೂ. ಕಣಿವೆ ಸಾಮಾನ್ಯವಾಗಿ ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಮಾತ್ರ ತೆರೆದಿರುತ್ತದೆ. ಹಾನಿಯಾ ಊರಿನಿಂದ ಬೆಳಗಿನ ಮೊದಲ ಬಸ್ಸು ಹಿಡಿದು ಓಮಾಲೋಸ್ ಬಯಲಿಗೆ ಬಂದಿಳಿದರೆ ಸಣ್ಣಗೆ ಚಳಿ. ಅಲ್ಲಿ ಎತ್ತರ ಸುಮಾರು 1,230 ಮೀಟರ್. ನಡಿಗೆ ಮುಗಿಯುವುದು ಸಮುದ್ರದ ದಡದಲ್ಲಿ. ಅಂದ್ರೆ ಅಷ್ಟೂ ಎತ್ತರವನ್ನು ಮಂಡಿಗಳೇ ಇಳಿಸಬೇಕು.

ಮೊದಲ ಮೂರು ಕಿಲೋಮೀಟರೇ ಕಷ್ಟ. ಕಡಿದಾದ ಸುತ್ತುದಾರಿ, ಪಕ್ಕದಲ್ಲಿ ಮರದ ಕಟಕಟೆ. ಸಾವಿರಾರು ಜನ ತುಳಿದು ಕಲ್ಲುಗಳು ನುಣುಪಾಗಿವೆ, ಒಣಗಿದ್ದರೂ ಜಾರುತ್ತವೆ. ಹಿಂದಿನ ರಾತ್ರಿಯೇ ಉಗುರು ಕತ್ತರಿಸಿಕೊಂಡಿದ್ದೆವು. ಶೂ ದಾರವನ್ನು ಪಾದದ ಮೇಲೆ ಸಡಿಲ ಬಿಟ್ಟು, ಕಣಕಾಲಿನ ಹತ್ತಿರ ಬಿಗಿಯಾಗಿ ಕಟ್ಟಿದೆವು. ಆಗ ಪಾದ ಮುಂದಕ್ಕೆ ಜಾರಿ ಬೆರಳು ಶೂ ತುದಿಗೆ ಬಡಿಯುವುದಿಲ್ಲ. ಚಿಕ್ಕ ಚಿಕ್ಕ ಹೆಜ್ಜೆ, ಮಂಡಿ ಸ್ವಲ್ಪ ಬಾಗಿಸಿ, ಕೈಯಲ್ಲೊಂದು ಕೋಲು. ಇಷ್ಟೇ ಮಾಡಿದ್ದು.

ನೀರು ಹೊತ್ತುಕೊಂಡು ಹೋಗುವ ಕಷ್ಟ ಇಲ್ಲ. ದಾರಿಯಲ್ಲಿ ಅಲ್ಲಲ್ಲಿ ಬುಗ್ಗೆ ನೀರು ಸಿಗುತ್ತದೆ, ತಣ್ಣಗಿರುತ್ತದೆ. ಆಳಿಗೊಂದು ಬಾಟಲಿ ಸಾಕಾಯಿತು.

ಅರ್ಧ ದಾರಿಯಲ್ಲಿ ಸಮಾರಿಯಾ ಹಳ್ಳಿ. 1962ರಲ್ಲಿ ಈ ಕಣಿವೆ ರಾಷ್ಟ್ರೀಯ ಉದ್ಯಾನವಾದಾಗ ಇಲ್ಲಿದ್ದವರನ್ನೆಲ್ಲ ಬೇರೆಡೆಗೆ ಕಳಿಸಿದರು. ಈಗ ಕಲ್ಲಿನ ಮನೆಗಳು ಮಾತ್ರ ಇವೆ. ಅಲ್ಲೇ ಕೂತು ಬ್ರೆಡ್ಡು, ಆಲಿವ್ ತಿಂದೆವು. ಗೋಡೆ ಪಕ್ಕ ಒಂದು ಕ್ರಿಕ್ರಿ ಬಂದು ನಿಂತಿತು, ಕ್ರೀಟಿನ ಕಾಡುಮೇಕೆ. ಹಿಂದಕ್ಕೆ ಬಾಗಿದ ಕೊಂಬು, ಅದರ ಮೇಲೆ ಗಂಟು ಗಂಟು. ನಾವು ಏನೂ ಕೊಡಲಿಲ್ಲ, ಕೊಡಲೂಬಾರದು. ಅದು ಸುಮ್ನೆ ನೋಡಿ ಹೋಯಿತು. ಆ ಊರಿನವರ ಬಗ್ಗೆ ಯೋಚನೆ ಬಂದು ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಮುಂದೆ ಬರುತ್ತದೆ ‘ಪೋರ್ತೆಸ್’, ಬಾಗಿಲುಗಳು ಅಂತ ಅರ್ಥ. ಎರಡು ಕಡೆ ಸುಮಾರು 300 ಮೀಟರ್ ಎತ್ತರದ ಬಂಡೆ, ನಡುವೆ ಮೂರು ನಾಲ್ಕು ಮೀಟರ್ ಅಷ್ಟೇ ಜಾಗ. ಹಲಗೆ ಸೇತುವೆಯ ಕೆಳಗೆ ತೊರೆ ಹರಿಯುತ್ತದೆ. ಬಂಡೆಗೆ ಕೈ ಇಟ್ಟೆ, ಮಧ್ಯಾಹ್ನದಲ್ಲೂ ತಣ್ಣಗಿತ್ತು. ಇಷ್ಟು ದೂರ ಬಂದದ್ದು ಇದಕ್ಕೇ ಅನ್ನಿಸಿತು.

ಉದ್ಯಾನ 13 ಕಿಲೋಮೀಟರಿಗೆ ಮುಗಿಯುತ್ತದೆ. ಅಲ್ಲಿನ ಗೇಟಿನಲ್ಲಿ ಪ್ರವೇಶದ ಟಿಕೆಟ್ ಕೇಳುತ್ತಾರೆ, ಎಸೆಯಬೇಡಿ. ಉಳಿದ ಮೂರು ಕಿಲೋಮೀಟರ್ ಸುಡು ಬಿಸಿಲು. ಟೋಪಿ ಬೇಕೇಬೇಕು. ಕೊನೆಗೆ ಸಿಗುವ ಅಗಿಯಾ ರೂಮೆಲಿ ಊರಿಗೆ ರಸ್ತೆಯೇ ಇಲ್ಲ. ದೋಣಿ ಹಿಡಿದು ಸೂಯಿಯಾಗೋ ಹೋರಾ ಸ್ಫಾಕಿಯೋನ್‌ಗೋ ಹೋಗಿ, ಅಲ್ಲಿಂದ ಹಾನಿಯಾಕ್ಕೆ ಬಸ್ಸು. ಕೊನೆಯ ದೋಣಿಯ ಸಮಯವನ್ನು ಹಿಂದಿನ ದಿನವೇ ವಿಚಾರಿಸಿಕೊಂಡಿದ್ದೆವು. ತಲುಪಿದ ಕೂಡಲೇ ಮೊದಲು ದೋಣಿ ಟಿಕೆಟ್ ತಗೊಂಡೆವು.

ಆಮೇಲೆ ಬೆಣಚುಕಲ್ಲಿನ ದಡದಲ್ಲಿ ಕೂತು ಶೂ ಬಿಚ್ಚಿದೆ. ಹೆಬ್ಬೆರಳು ಕೆಂಪಗಾಗಿತ್ತು, ಉಗುರು ಚೆನ್ನಾಗಿತ್ತು. ಹೆಂಡತಿ ಆಗಲೇ ಮಂಡಿವರೆಗೆ ನೀರಿಗಿಳಿದು, ಬನ್ನಿ ಅಂತ ಕೈ ಬೀಸುತ್ತಿದ್ದಳು.